ದೂಧಗಂಗೆಯ ಜೀವಗಳನ್ನು ನಾನು ಕಾಪಾಡಿದ ಬಗೆ

ಜೀವದಯೆಯ ವಿಷಯದಲ್ಲಿ ಸದಲಗಾದಲ್ಲಿ ನಮ್ಮ ಮನೆತನಕ್ಕೆ ಒಂದು ಹೆಸರಿದೆ. ಸೋಸದ ನೀರನ್ನು ನಾವು ಕುಡಿಯುವುದಿಲ್ಲ. ಸೋಸಿದ ಬಟ್ಟೆಯನ್ನು ತಿರುವಿ ತೊಳೆದು, ಅದರಲ್ಲಿ ಸಿಕ್ಕ ಸಣ್ಣ ಜೀವಗಳನ್ನು ಎಲ್ಲಿಯ ನೀರೋ ಅಲ್ಲಿಗೇ ಮರಳಿಸುತ್ತೇವೆ. ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಈ ಖಾತೆ ಪೂರ್ತಿ ನನ್ನ ಸುಪರ್ದಿಗೆ ಬಂದಿದೆ. ಹೀಗಾಗಿ ಸೊಸೆ ತ್ರಿಶಲಾ ಹೊಳೆಯ ನೀರು ತುಂಬಿದ ಬಾಟಲಿಗಳನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, "ಮಾವಾರ, ಇದರಾಗ ಜೀವ ಅದಾವು. ಸಾಯಬಾರದು. ನಿಮ್ಮ ಮ್ಯಾಲ ಬಿಟ್ಟೇನಿ," ಎಂದಾಗ, ಯೋಗ್ಯ ವ್ಯಕ್ತಿಗೇ ಹೊಣೆ ವಹಿಸಿದಳೆಂದು ಬೀಗಿದೆ.

ತ್ರಿಶಲಾ ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ, ಕಣ್ಣಿಗೆ ಕಂಡೂ ಕಾಣದಂಥ ನೀರಿನ ಜೀವಿಗಳು. ಮದುವೆಯಾದ ಮೇಲೆ ನಮ್ಮ ದೂಧಗಂಗೆಯನ್ನೇ ಆರಿಸಿಕೊಂಡಿದ್ದಳು. ಅವಳ ಗೈಡ್ ಮೇಡಂಗೆ ಮಾತ್ರ ಈ ಹೊಳೆಯಲ್ಲಿ ಸಾಕಷ್ಟು ಜೀವಿಗಳಿವೆಯೆಂಬ ನಂಬಿಕೆಯಿರಲಿಲ್ಲ. ಆ ದಿನ ಖುದ್ದು ನೋಡಲು ಬರುವವರಿದ್ದರು. ಮೆಚ್ಚಿದರೆ ಸರಿ. ಇಲ್ಲದಿದ್ದರೆ ಸೊಸೆಗೆ ಹೊಸ ವಿಷಯ, ವಿಶ್ವವಿದ್ಯಾಲಯದ ಹಾಸ್ಟೆಲ್ ವಾಸ! ಅವರನ್ನು ಕರೆತರಲು ಸೊಸೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿಗೆ ಹೋದಳು.

ಬಿಸಿಲೇರಿತು. ಬಾಟಲಿಯೊಳಗೆ ಬಿಳಿ ಚುಕ್ಕೆಗಳು ಮೇಲೆ ಕೆಳಗೆ ಜಿಗಿಯುತ್ತಿದ್ದವು.

"ಇವಕ್ಕ ಉಸಿರು ಕಟ್ಟಾಕತ್ತೈತಿ," ಎಂದೆ.

"ಅಕಿ ಬರೂತನಕಾ ಕೈ ಹಚ್ಚಬ್ಯಾಡ್ರಿ," ಎಂದಳು ಹೆಂಡತಿ.

"ಸತ್ತರ ಯಾರು ಜವಾಬ್ದಾರಿ?"

"ನೀವು ಕೈ ಹಚ್ಚಿದರ ಯಾರು ಜವಾಬ್ದಾರಿ?"

ಈ ಪ್ರಶ್ನೆ ಉತ್ತರಕ್ಕೆ ಅರ್ಹವಲ್ಲವೆಂದು ತೀರ್ಮಾನಿಸಿದೆ. ನೀರನ್ನು ಶಾಸ್ತ್ರೋಕ್ತವಾಗಿ ಸೋಸಿದೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂಬಿಗೆಯಲ್ಲಿಟ್ಟುಕೊಂಡು, ಸ್ಕೂಟರಿನಲ್ಲಿ ಹೊಳೆಗೆ ಹೋಗಿ ಗೌರವಪೂರ್ವಕವಾಗಿ ಬೀಳ್ಕೊಟ್ಟೆ. ಮರಳಿ ಬಂದು ಬಾಟಲಿಗಳನ್ನು ತಿಕ್ಕಿ ತೊಳೆದು, ಸೋಸಿದ ನೀರನ್ನೇ ತುಂಬಿಟ್ಟೆ. ಕನ್ನಡಿಯಂಥ ನೀರು!

ಮೇಡಂ ಬಂದರು. ಸೂಕ್ಷ್ಮದರ್ಶಕ ಹೂಡಿ ಒಂದು ಹನಿ ನೋಡಿದರು. ಇನ್ನೊಂದು ಹನಿ ನೋಡಿದರು. ಅವರ ಮುಖ ಗಂಭೀರವಾಯಿತು.

"ತ್ರಿಶಲಾ, ಒಂದು ಜೀವವೂ ಇಲ್ಲ! ಈ ಹೊಳೆ ಸತ್ತುಹೋಗಿದೆಯಾ?"

ಊರ ಹೊಳೆಯ ಮಾನದ ಪ್ರಶ್ನೆ! ನಾನು ಮುಂದೆ ಬಂದೆ.

"ಹೆಂಗ ಇರ್ತಾವ್ರಿ ಮೇಡಂ? ನಾನಽ ಸೋಸೇನಿ!"

ತ್ರಿಶಲಾ ನನ್ನತ್ತ ತಿರುಗಿದಳು.

"ಈಗ ಎಲ್ಲಿ ಅದಾವ್ರಿ ಮಾವಾರ?"

"ತಮ್ಮ ಮನ್ಯಾಗ ಸುಖವಾಗಿ ಅದಾವು."

ಅವಳು ಬೈಯಲಿಲ್ಲ. ಸುಮ್ಮನೆ ಹೊಸ್ತಿಲ ಬಳಿ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು. ಹೊತ್ತು ಮುಳುಗುವ ಮುಂಚೆ ಉಣ್ಣುವಾಗ ನನ್ನ ಶಾಲೆಯ ಹಳೆಯ ಕಥೆಗಳನ್ನು ಮೊದಲ ಸಲವೆಂಬಂತೆ ಕೇಳುವವಳು ಈ ಮನೆಯಲ್ಲಿ ಅವಳೊಬ್ಬಳೇ. ಅವಳು ಹಾಸ್ಟೆಲಿಗೆ ಹೋದರೆ? ತಂಬಿಗೆ ಎತ್ತಿಕೊಂಡು, ಸೋಸುವ ಬಟ್ಟೆಯನ್ನು ಹೆಗಲಿಗೇರಿಸಿದೆ.

"ಮೇಡಂ, ಒಂದು ತಾಸು ಕೂಡ್ರಿ. ಚಾ ಕುಡೀರಿ."

ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ನನ್ನನ್ನೇ ನೋಡಿದ.

"ಏನ್ರಿ ಮಾಸ್ತರ, ಮುಂಜಾನೆ ಬಿಡಾಕತ್ತಿದ್ರಿ, ಈಗ ಹಿಡ್ಯಾಕತ್ತೀರಿ?"

ಉತ್ತರಿಸಲು ತಿರುಗಿ ಕಾಲು ಜಾರಿದೆ. ಧೋತರ, ಟೋಪಿ, ಮೂವತ್ತು ವರ್ಷದ ಮಾಸ್ತರಿಕೆ, ಎಲ್ಲ ಒಟ್ಟಿಗೆ ಮುಳುಗಿದವು. ಜೀವಗಳಿದ್ದ ತಂಬಿಗೆ ಮಾತ್ರ ಮೇಲೆತ್ತಿ ಹಿಡಿದಿದ್ದೆ!

ನೀರು ತೊಟ್ಟಿಕ್ಕುತ್ತ ಮನೆಗೆ ಬಂದೆ. ಮೇಡಂ ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣೆತ್ತಲಿಲ್ಲ. ಕೊನೆಗೆ, "ಎಷ್ಟೊಂದು ಬಗೆ! ತ್ರಿಶಲಾ, ಇಲ್ಲೇ ಮಾಡು," ಎಂದರು. ನನ್ನತ್ತ ತಿರುಗಿ, "ಅಡಿಗೆಮನೆಗೆ ಬೀಗ ಹಾಕಿಕೊಂಡು," ಎಂದೂ ಸೇರಿಸಿದರು.

"ಬರ್ರಿ ಮಾವಾರ, ನೀವೂ ನೋಡ್ರಿ," ಎಂದು ತ್ರಿಶಲಾ ನನ್ನ ಕನ್ನಡಕ ತೆಗೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಗಾಜಿನಂಥ ಒಂದು ಪುಟ್ಟ ಪ್ರಾಣಿ. ಅದರೊಳಗೆ ಚುಕ್ಕೆಯಷ್ಟು ಗುಂಡಿಗೆ, ಟಪಟಪ ಬಡಿಯುತ್ತಿತ್ತು. ಇಷ್ಟು ವರ್ಷ ಇವರನ್ನು ಮನೆ ಮುಟ್ಟಿಸಿದ್ದೇನೆ. ಮುಖಪರಿಚಯವಾದದ್ದು ಅಂದೇ. ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ಬಗ್ಗಿದವನು ಬೆಚ್ಚಿಬಿದ್ದೆ.

"ತ್ರಿಶಲಾ! ಹೊಸಾ ಜಾತಿ! ಕರ್ರಗ ಐತಿ, ಉದ್ದುದ್ದ ಕಾಲು! ನಾನು ಕಣ್ಣು ಪಿಳುಕಿಸಿದರ ಅದೂ ಹಾರತೈತಿ!"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮಾವಾರ... ಅದು ನಿಮ್ಮ ರೆಪ್ಪಿ ಕೂದಲ."

ಒಳಗಿನಿಂದ ಹೆಂಡತಿಯ ದನಿ ಬಂತು:

"ಅದನ್ನೂ ಹೊಳಿಗೆ ಬಿಟ್ಟು ಬರ್ರಿ!"