ಹುಚ್ಚಪ್ಪ ಬಿನ್ ಬಸಪ್ಪ ಎಂದರೆ ಯಾರು?

ಮಡಕೆಯನ್ನು ಬಡಿದು ನೋಡದೆ ಕೊಂಡವಳು ನಾನಲ್ಲ. ಸಂತೆಯಲ್ಲಿ ಮಡಕೆ ಮಾರುವವಳು ನನ್ನನ್ನು ದೂರದಿಂದ ಕಂಡರೆ ಸಾಕು, "ಬಂದ್ರಪ್ಪ ಬಡಿಯೋ ಅಮ್ಮೋರು" ಎಂದು ಸೀಳಿಲ್ಲದ ಮಡಕೆಗಳನ್ನು ತಾನಾಗಿಯೇ ಮುಂದಕ್ಕೆ ತಳ್ಳುತ್ತಾಳೆ. ಬದನೆಕಾಯಿಯ ತೊಟ್ಟನ್ನು ತಿರುಗಿಸಿ ನೋಡುತ್ತೇನೆ, ಬೇಳೆಯನ್ನು ಹಲ್ಲಿಗೆ ಹಾಕಿ ಕಡಿಯುತ್ತೇನೆ. ಹೆಣ್ಣು ಕೊಡುವ ಮಾತಾದರಂತೂ ಹುಡುಗನ ಸೋದರಮಾವನ ಕೆಮ್ಮಿನವರೆಗೂ ವಿಚಾರಿಸುತ್ತೇನೆ. ಇದು ಚಟ ಎನ್ನುತ್ತಾರೆ ನಮ್ಮವರು. ಇರಲಿ. ನೀರು ತುಂಬುವ ಮಡಕೆಯನ್ನೇ ಬಡಿದು ನೋಡುವವಳು, ಐದು ವರ್ಷ ನಮ್ಮ ಪರವಾಗಿ ಮಾತಾಡುವ ಮನುಷ್ಯನನ್ನು ಬಡಿಯದೆ ಒಪ್ಪಿಕೊಳ್ಳಲೇ? ಬಡಿಯುವುದು ಎಂದರೆ ಬೆರಳಿನ ಗೆಣ್ಣಿನಿಂದ, ತಪ್ಪು ತಿಳಿಯಬೇಡಿ.

ನಮ್ಮವರು ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ದೇಶಕ್ಕೆ ಎರಡನೆಯ ಸಲ ಚುನಾವಣೆ ಬಂದಾಗ ಆ ಗಿರಣಿಯ ಸಾವುಕಾರರೇ ಕೊಡೆಯ ಗುರುತು ಹಿಡಿದು ನಿಂತರು. ಅಂದು ಸಂಜೆ ನಮ್ಮವರು ಟೋಪಿಯನ್ನು ಗೂಟಕ್ಕೆ ಸಿಕ್ಕಿಸುತ್ತ, "ನಮ್ಮನೆ ಮೂರು ಓಟೂ ನಿಮಗೇ ಅಂತ ಸಾವುಕಾರರಿಗೆ ಮಾತು ಕೊಟ್ಟು ಬಂದೆ ಕಣೇ" ಎಂದರು. ಮೂರು ಎಂದರೆ ಅವರದು, ಅತ್ತೆಯವರದು, ನನ್ನದು.

"ಎರಡು ಕೊಟ್ಟೆ ಅನ್ನಿ. ನಂದು ನನ್ನ ಹತ್ರಾನೇ ಇದೆ" ಎಂದೆ.

"ಏನೇ ಹಾಗಂದ್ರೆ? ಗಿರಣಿ ಅನ್ನ ಉಂಡು..."

"ಗಿರಣಿ ಅನ್ನ ನೀವು ದುಡಿದದ್ದಕ್ಕೆ ಬಂದದ್ದು ಕಣ್ರೀ. ಓಟಿಗೆ ಬಂದದ್ದಲ್ಲ."

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆಯವರು, "ಗಂಡ ತೋರಿಸಿದ ಡಬ್ಬಿಗೆ ಹಾಕಿ ಬರೋದಪ್ಪ, ಅದಕ್ಯಾಕೆ ಪಂಚಾಯ್ತಿ?" ಎಂದು ಮತ್ತೆ ಕುಟ್ಟತೊಡಗಿದರು. ನಮ್ಮವರು ದನಿ ತಗ್ಗಿಸಿ, "ಸಾವುಕಾರರಿಗೆ ಗೊತ್ತಾದ್ರೆ ನಾನು ಮತ್ತೆ ಗಿರಣಿ ಬಾಗಿಲು ಕಾಣೋದಿಲ್ಲ" ಎಂದರು. ಅದು ನನಗೂ ಗೊತ್ತಿತ್ತು. ಆದರೆ ನನ್ನ ಹಟಕ್ಕೂ ಒಂದು ಕಾರಣವಿತ್ತು. ಸರ್ಕಾರದ ಕಾಗದದಲ್ಲಿ ಗಂಡಸು ಅಪ್ಪನಿಗೆ 'ಬಿನ್', ಹೆಂಗಸು ಗಂಡನಿಗೆ 'ಕೋಂ'. ಮೊದಲನೆಯ ಚುನಾವಣೆಗೆ ಪಟ್ಟಿ ಬರೆಯುವವನು ಬಂದಾಗ ಅತ್ತೆಯವರು, "ಮನೆ ಹೆಂಗಸಿನ ಹೆಸರನ್ನ ಪರಗಂಡಸಿಗೆ ಹೇಳೋದುಂಟೇ?" ಎಂದು ಅವನನ್ನು ಬಾಗಿಲಿನಿಂದಲೇ ಸಾಗಹಾಕಿದ್ದರು. ಅವನು ಇಂಥವರ ಹೆಂಡತಿ ಎಂದಷ್ಟೇ ಬರೆದುಕೊಂಡು ಹೋದ. ಹಾಗೆ ಬರೆದ ಹೆಂಗಸರ ಹೆಸರುಗಳನ್ನೆಲ್ಲ ಆಮೇಲೆ ಹೊಡೆದುಹಾಕಿದರು. ಈ ಸಲ ನಾನೇ ಬಾಗಿಲಿಗೆ ಹೋಗಿ 'ಗಂಗಮ್ಮ' ಎಂದು ಬರೆಸಿದ್ದೆ. ಕೋಂ ಹಿಂದೆ ಬಂದರೆ ಬರಲಿ, ಗಂಗಮ್ಮ ಮುಂದಿದ್ದಾಳೆ. ಹಾಗೆ ಬಂದ ಓಟನ್ನು ಟೋಪಿ ತೆಗೆಯುವಷ್ಟರಲ್ಲಿ ಯಾರಿಗೋ ಕೊಟ್ಟುಬಿಡುವುದೇ?

ಸಾವುಕಾರರನ್ನು ಬಡಿದು ನೋಡುವ ಅಗತ್ಯವಿರಲಿಲ್ಲ, ಅವರ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಎದುರಿಗೆ ನಿಂತವನು ಯಾರು ಎಂಬುದೇ ಯಾರಿಗೂ ತಿಳಿಯದು. ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ಜವಾನನಿಗೆ, "ಉಮೇದುವಾರರ ವಿಚಾರ ತಿಳ್ಕೋಬೇಕಿತ್ತಪ್ಪ" ಎಂದೆ. ಅವನು ಜಗುಲಿಯ ಮೇಲೆ ಕೂತು ಬರೆಯುತ್ತಿದ್ದ ಮೂವರು ಹುಡುಗರನ್ನು ತೋರಿಸಿದ. ಇಂದಲ್ಲ ನಾಳೆ ನೌಕರಿ ಸಿಕ್ಕೀತೆಂದು ಸಂಬಳವಿಲ್ಲದೆ ದುಡಿಯುವವರನ್ನೂ ಉಮೇದುವಾರರೆಂದೇ ಅನ್ನುತ್ತಾರೆಂಬುದು ನನಗೆ ಮರೆತೇಹೋಗಿತ್ತು. ನನ್ನನ್ನು ಹೆಣ್ಣಿನ ಕಡೆಯವಳೆಂದುಕೊಂಡು ಅವರಲ್ಲೊಬ್ಬ ಕ್ರಾಪು ಸರಿಮಾಡಿಕೊಂಡ. ಕೊನೆಗೆ ಒಳಗಿದ್ದ ಗುಮಾಸ್ತರು ಹೊರಗೆ ಬಂದು, ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದರು. 'ಹುಚ್ಚಪ್ಪ ಬಿನ್ ಬಸಪ್ಪ, ಬೇಸಾಯ, ಸೊರಬ ತಾಲ್ಲೂಕು, ಗುರುತು ಏಣಿ.' ಜೊತೆಗೆ ಊರಿನ ಹೆಸರು.

"ಇಷ್ಟೇನಾ?" ಎಂದೆ.

"ಇಷ್ಟೇ ತಾಯಿ."

"ಮನುಷ್ಯ ಎಂಥೋನು ಅಂತ?"

"ಅದಕ್ಕೆ ಕಾಲಂ ಇಲ್ಲ ತಾಯಿ. ಪಹಣಿ ನೋಡಿದ್ರೆ ಜಮೀನೆಷ್ಟು ಅಂತ ತಿಳೀತದೆ. ಅದೂ ಸೊರಬದಲ್ಲಿ."

ಇನ್ನು ಆ ಹೆಸರೋ! ನಮ್ಮೂರ ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆಲ್ಲ ಸುತ್ತಿನ ಸೀಮೆಯಲ್ಲಿ ಅದೇ ಹೆಸರು. ಬೀದಿಯಲ್ಲಿ ನಿಂತು 'ಹುಚ್ಚಪ್ಪಾ' ಎಂದು ಕೂಗಿದರೆ ಮೂರು ಮನೆಯ ಬಾಗಿಲು ತೆರೆಯುತ್ತದೆ. ನನ್ನ ತವರು ಸೊರಬದ ಕಡೆಯೇ ಆದ್ದರಿಂದ, ಅಣ್ಣನ ಮಗುವಿನ ನಾಮಕರಣದ ನೆಪ ಮಾಡಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ತಾಳಗುಂದ ಎಂಬ ದನಿ ಕಿವಿಗೆ ಬಿದ್ದಾಗ ನಗು ಬಂತು. ಅಲ್ಲಿನ ಕಲ್ಲಿನ ಕಂಬದ ಮೇಲೆ ಯಾವುದೋ ಕಾಲದ ರಾಜರ ವಂಶಾವಳಿಯನ್ನೆಲ್ಲ ಕೊರೆದಿಟ್ಟಿದ್ದಾರಂತೆ. ಯಾರ ಓಟೂ ಬೇಡದ ರಾಜನ ಮುತ್ತಾತ ಯಾರೆಂದು ಕಲ್ಲು ಹೇಳುತ್ತದೆ. ನನ್ನ ಓಟು ಬೇಡುವವನಿಗೆ ಕಾಗದದಲ್ಲಿ ಒಂದು 'ಬಿನ್'!

ತವರಿನಿಂದ ಆ ಹಳ್ಳಿಗೆ ಒಂದು ಹರದಾರಿ. ಊರ ಮುಂದಿನ ಮೊದಲ ಮನೆಯಲ್ಲಿ ಹೆಂಗಸೊಬ್ಬಳು ಅಕ್ಕಿ ಕೇರುತ್ತಿದ್ದಳು. "ಶಿಕಾರಿಪುರದಿಂದ ಬಂದೆ, ಹುಚ್ಚಪ್ಪನವರ ಮನೆ ಇದೇನಮ್ಮಾ?" ಎಂದೆ. ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲವಲ್ಲ, ಅವಳು ಸೆರಗನ್ನು ಬಾಯಿಗೆ ಹಿಡಿದು, "ನಿಮ್ಮೂರ ದೇವರ ಹೆಸರೇ ಅಕ್ಕಾ" ಎಂದು ನಾಚಿ, ಚಾಪೆ ಹಾಸಿ ಬೆಲ್ಲ ನೀರು ಕೊಟ್ಟಳು.

"ನಿಮ್ಮ ಯಜಮಾನರು ಕಣದಲ್ಲಿದಾರಂತಲ್ಲ?"

"ಹೂಂ ಅಕ್ಕಾ, ಬೆಳಿಗ್ಗೆಯಿಂದ ಕಣದಲ್ಲೇ ನಿಂತಾರೆ."

"ಈ ಸಲ ಹೇಗಿದೆ?"

"ಎಂತ ಹೇಳೂದು? ಹೋದ ಸಲಕ್ಕಿಂತ ವಾಸಿ. ಆದ್ರೂ ಜೊಳ್ಳೇ ಜಾಸ್ತಿ."

ಎಷ್ಟು ಪ್ರಾಮಾಣಿಕ ಹೆಂಗಸು ಎಂದು ನಾನು ಬೆರಗಾದೆ. "ಎದುರಿಗೆ ಸಾವುಕಾರರು ನಿಂತಿದಾರಲ್ಲ, ಹೆದರಿಕೆ ಇಲ್ವೇ?"

"ಅದೇನು ಹೊಸದಾ ಅಕ್ಕಾ? ರಾಶಿ ಆಗ್ತಿದ್ದ ಹಾಗೇ ಬಂದು ಎದುರಿಗೇ ನಿಲ್ತಾರೆ."

ಅಷ್ಟರಲ್ಲಿ ಮೈಯೆಲ್ಲ ಹೊಟ್ಟು ಮೆತ್ತಿಕೊಂಡ ಆ ಹುಚ್ಚಪ್ಪ ಮೊರ ಹಿಡಿದು ಒಳಗೆ ಬಂದ. "ಓಟಿಗೆ ನಿಂತೋನು ನಾನಲ್ಲ ತಾಯಿ, ಕುರಿ ಹುಚ್ಚಪ್ಪ. ಕಡೇ ಮನೆ" ಎಂದು ನಕ್ಕ. ಬೆಲ್ಲ ನೀರು ಕುಡಿದದ್ದಾಗಿತ್ತು, ವಾಪಸು ಕೊಡುವಂತಿರಲಿಲ್ಲ.

ಕಡೇ ಮನೆಯ ಹಟ್ಟಿಯಲ್ಲಿ ಒಬ್ಬಾಕೆ ಕುರಿಮರಿಗಳನ್ನು ಬಯ್ಯುತ್ತ ನಿಂತಿದ್ದಳು. ಈ ಸಲ ಜಾಣತನದಿಂದ, "ನಿಮ್ಮ ಯಜಮಾನರಿಗೆ ನಮ್ಮೂರ ದೇವರ ಹೆಸರೇನಮ್ಮಾ?" ಎಂದೆ.

"ದೇವರ ಹೆಸರೆಂಥದು? ಹುಚ್ಚಪ್ಪ! ಹೆಸರಿಗೆ ತಕ್ಕ ಹಾಗೇ ಇದಾನೆ!" ಎಂದಳು. ಗಂಡನ ಹೆಸರನ್ನು ಹಾಗೆ ಹಾಡಹಗಲು ಹಟ್ಟಿಯಲ್ಲಿ ನಿಂತು ಹೇಳಿದ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಹೆಸರು ಸಿದ್ದಮ್ಮ. "ಎರಡು ಟಗರು ಮಾರಿ ಠೇವಣಿ ಕಟ್ಟಿದಾನೆ. ಕುರೀನೆಲ್ಲ ನನ್ನ ತಲೆಗೆ ಕಟ್ಟಿದಾನೆ. ನಾನಂತೂ ಇವನಿಗೆ ಓಟು ಹಾಕಾಕಿಲ್ಲ. ನೀವೂ ಹಾಕಬ್ಯಾಡ್ರಿ."

ಕಟ್ಟೆಯ ಮೇಲೆ ಕಂಬಳಿಗೆ ತೇಪೆ ಹಾಕುತ್ತ ಕೂತಿದ್ದವನು ತಲೆಯೆತ್ತಿದ. ಸಾಕ್ಷಾತ್ ಹುಚ್ಚಪ್ಪ ಬಿನ್ ಬಸಪ್ಪ. "ದಿನಾ ಕೇಳ್ತೀನಿ ತಾಯಿ, ಕೊಡವಲ್ಲಳು" ಎಂದ.

"ಮನೆಯವಳಲ್ವೇ, ಗದರಿಸಿ ಹೇಳೋದಪ್ಪ" ಎಂದೆ, ಗೆಣ್ಣಿನಿಂದ ಬಡಿದು ನೋಡುವ ಹಾಗೆ.

"ಗದರಿಸಿ ತಗೊಂಡ್ರೆ ಅದು ಓಟು ಹೆಂಗಾಗ್ತದೆ? ಕಂದಾಯ ಆಗ್ತದೆ."

"ಗೆಲ್ತೀಯಾ?"

"ಎಲ್ಲಿ ಗೆಲುವು ಬಿಡ್ರಿ! ಸಾವುಕಾರ್ರು ಒಬ್ರೇ ನಿಂತ್ರೆ ಅದನ್ನ ಚುನಾವಣೆ ಅಂತ ಯಾಕನ್ನಬೇಕು? ಅದಕ್ಕೇ ನಿಂತೆ."

"ಕೇಳಿದ್ರಾ ಮಾತು!" ಎಂದು ಸಿದ್ದಮ್ಮ ಅವನ ಕಡೆಗೆ ಹಟ್ಟಿ ಗುಡಿಸುವ ಬರಲನ್ನು ಬೀಸಿದಳು. ಅವನು ಒಗ್ಗಿದವನ ಹಾಗೆ ತಲೆ ತಗ್ಗಿಸಿದ. ನನ್ನ ವಿಚಾರಣೆ ಅಲ್ಲಿಗೆ ಮುಗಿಯಿತು. ಜಮೀನೆಷ್ಟು, ಓದೆಷ್ಟು ಎಂದು ಕೇಳಲೇ ಇಲ್ಲ. 'ನಿನಗೆ ಓಟು ಹಾಕುವುದಿಲ್ಲ' ಎಂದು ಹೆಂಡತಿ ಮುಖಕ್ಕೇ ಹೇಳಬಹುದಾದ ಮನೆಯಿಂದ ಬಂದವನಿಗೆ ನನ್ನ ಓಟು ಎಂದು ನಿಶ್ಚಯಿಸಿದೆ. ಸಿದ್ದಮ್ಮನ ಮಾತನ್ನು ಮೀರಿದ್ದು ಸಿದ್ದಮ್ಮನ ಮೇಲಿನ ಗೌರವದಿಂದಲೇ.

ಓಟಿನ ದಿನ ಶಾಲೆಯಲ್ಲಿ ನಾನು ಮುಂದೆ, ಅತ್ತೆಯವರು ನನ್ನ ಹಿಂದೆ, ಗಂಡಸರ ಸಾಲಿನಲ್ಲಿ ನಮ್ಮವರು. ಬಾಗಿಲ ಹತ್ತಿರ ಸಾವುಕಾರರ ಕಡೆಯವನೊಬ್ಬ ಒಬ್ಬೊಬ್ಬರಿಗೂ ಕೈಮುಗಿಯುತ್ತ, ಬಂದವರನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮೇಜಿನ ಅಧಿಕಾರಿ, "ಗಂಗಮ್ಮ ಕೋಂ... ಗಂಡನ ಹೆಸರು ಹೇಳಿಯಮ್ಮಾ" ಎಂದರು. ಹಿಂದಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅತ್ತೆಯವರು ಬೆನ್ನಿಗೆ ತಿವಿದು, "ನಾನು ಹೇಳ್ತೀನಿ ಬಿಡು" ಎಂದರು. ನನಗೆ ಸಿದ್ದಮ್ಮ ನೆನಪಾದಳು. ಹೇಳಿಯೇಬಿಟ್ಟೆ, ಗಟ್ಟಿಯಾಗಿ. ಆ ಕಡೆಯ ಸಾಲಿನಿಂದ ನಮ್ಮವರು ಯಾರೋ ಕರೆದರೆಂದು "ಆಂ?" ಎಂದರು. ಶಾಲೆಗೆ ಶಾಲೆಯೇ ನಕ್ಕಿತು. ಆ ಹೆಸರನ್ನು ಇಲ್ಲಿ ಬರೆಯಲಾರೆ. ಒಂದು ಜನ್ಮಕ್ಕೆ ಒಂದು ಸಲ ಸಾಕು.

ಪರದೆಯ ಹಿಂದೆ ಎರಡು ಪೆಟ್ಟಿಗೆಗಳಿದ್ದವು. ಕೊಡೆಯ ಪೆಟ್ಟಿಗೆಗೆ ಯಾರೋ ಕುಂಕುಮ ಹಚ್ಚಿದ್ದರು. ಏಣಿಯ ಪೆಟ್ಟಿಗೆ ಬೋಳು ಹಣೆಯಲ್ಲಿತ್ತು. ನನ್ನ ಚೀಟಿ ಬಿದ್ದ ಸದ್ದು ನನಗೇ ಕೇಳಿಸಿತು.

ಆಗ ಊರೂರಿನ ಪೆಟ್ಟಿಗೆಗಳನ್ನು ಬೇರೆ ಬೇರೆಯಾಗಿಯೇ ಎಣಿಸುತ್ತಿದ್ದರು. ಸಾವುಕಾರರು ಗೆದ್ದರು, ಹುಚ್ಚಪ್ಪನ ಠೇವಣಿ ಹೋಯಿತು. ಇದೆಲ್ಲ ಹೀಗೇ ಆಗುತ್ತದೆಂದು ಅಂದುಕೊಂಡೇ ಇದ್ದೆ. ನಮ್ಮ ಶಾಲೆಯ ಏಣಿಯ ಪೆಟ್ಟಿಗೆಯಲ್ಲಿ ಎರಡು ಓಟು ಇದ್ದುವೆಂಬ ಸುದ್ದಿಗೆ ಮಾತ್ರ ಕೈಯಲ್ಲಿದ್ದ ಸೌಟು ಜಾರಿತು. ಒಂದು ನನ್ನದು, ಸರಿ. ಇನ್ನೊಂದು?

ಸಾವುಕಾರರೂ ಅದನ್ನೇ ಕೇಳಿದರಂತೆ. "ಮೂರೂ ಕೊಡೆಗೇ ತಾನೇ, ಗುಮಾಸ್ತರೇ?" ಎಂದದ್ದಕ್ಕೆ ನಮ್ಮವರು, "ಓಟು ಗುಟ್ಟು, ಸಾವುಕಾರರೇ" ಎಂದರಂತೆ. ಮಾತು ಕೊಟ್ಟು ಬಂದ ಅದೇ ಬಾಯಿ! ಸಾವುಕಾರರು ಕೆಲಸದಿಂದ ತೆಗೆಯಲಿಲ್ಲ, ಗಾದಿಯಿಂದ ಎಬ್ಬಿಸಿ ಗೋದಾಮಿನಲ್ಲಿ ಚೀಲ ಎಣಿಸಲು ಹಾಕಿದರು. ಸಂಜೆ ಮೈಯೆಲ್ಲ ತೌಡು ಮೆತ್ತಿಕೊಂಡು ಬಂದರು. ಥೇಟು ಕಣದ ಹುಚ್ಚಪ್ಪ. ಬಿಸಿನೀರು ಹೊಯ್ಯುತ್ತ, "ನನ್ನಿಂದ ಹೀಗಾಯ್ತೇನ್ರೀ?" ಎಂದೆ. "ನಿನ್ನಿಂದ ಅಂತ ಯಾರು ಹೇಳಿದ್ರು? ಬೆನ್ನು ಉಜ್ಜು" ಎಂದರು.

ಆ ಮಾತಿನ ಸದ್ದು ಪೂರಾ ತಿಳಿಯದೆ ಅತ್ತೆಯವರ ಹತ್ತಿರ ಹೋದೆ. "ಅತ್ತೆ, ನೀವು ಮಗ ತೋರಿಸಿದ ಡಬ್ಬಿಗೇ ತಾನೇ ಹಾಕಿದ್ದು?"

ಅತ್ತೆಯವರು ಕುಟ್ಟುವುದನ್ನು ನಿಲ್ಲಿಸದೆ, "ಗಂಡ ತೋರಿಸಿದ ಡಬ್ಬಿಗೆ ಅಂದಿದ್ದೆ ಕಣೇ. ನನ್ನ ಗಂಡ ಎಲ್ಲಿದಾನೆ ತೋರಿಸೋಕೆ?" ಎಂದರು.

ಗೋಡೆಗೆ ಅಂಟಿಸಿದ ಎರಡು ಸಾಲು ಓದಿ, ಬಸ್ಸು ಹತ್ತಿ, ಸೊರಬದ ಕಡೇ ಮನೆಯ ಮನುಷ್ಯನ ಒಳಹೊರಗನ್ನೆಲ್ಲ ತಿಳಿದು ಬಂದವಳು ನಾನು. ದಿನಾ ನನ್ನ ಕೈಯಿಂದಲೇ ಬಡಿಸಿಕೊಂಡು ಉಣ್ಣುವ ಈ ಇಬ್ಬರ ವಿಷಯದಲ್ಲಿ ಮಾತ್ರ ಕೈಸೋತಿದ್ದೇನೆ. ಒಂದೊಂದು ದಿನ ಸಾರು ಬಡಿಸುತ್ತ ಮಾತಿನಲ್ಲೇ ಮೆಲ್ಲಗೆ ಬಡಿದು ನೋಡುತ್ತೇನೆ. ಎರಡು ಮಡಕೆಯೂ ಒಂದೇ ಸದ್ದು ಮಾಡುತ್ತವೆ.