ರೋಮಿನಿಂದ ಬಂದ ಇಬ್ಬರು ಲಕ್ಷ್ಮಿಯರು

ನಮ್ಮ ಸೋದರಮಾವನಷ್ಟು ಬೇಗ ತೀರ್ಮಾನ ಮಾಡುವವರು ಚನ್ನಗಿರಿಯಲ್ಲಿ ಇನ್ನೊಬ್ಬರಿಲ್ಲ. ತೀರ್ಮಾನ ಮಾಡಲಾಗದೆ ಅವರಷ್ಟು ಒದ್ದಾಡುವವರೂ ಇನ್ನೊಬ್ಬರಿಲ್ಲ. ಎರಡೂ ನಿಜ. ನಂಬಿಕೆ ಬರದಿದ್ದರೆ ನಮ್ಮತ್ತೆಯನ್ನು ಕೇಳಿ.

ಮಾವ ಅಡಿಕೆ ಮಂಡಿಯಲ್ಲಿ ಮಾಲು ನೋಡುವವರು. ಚೀಲದೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದು, ಒಂದನ್ನು ಬಾಯಿಗೆ ಹಾಕಿ ಕಟಕ್ಕನೆ ಕಚ್ಚಿದರೆಂದರೆ ಮುಗಿಯಿತು, ಆ ಮಾಲಿನ ಹಣೆಬರಹ ಹೇಳಿಬಿಡುತ್ತಾರೆ. ಅದೇ ಮನುಷ್ಯ ಚಪ್ಪಲಿ ಅಂಗಡಿಗೆ ಹೋದರೆ? ಒಂದೇ ಬಣ್ಣದ, ಒಂದೇ ಅಳತೆಯ ಎರಡು ಜೊತೆ ಮುಂದಿಟ್ಟುಕೊಂಡು ಅರ್ಧ ದಿನ ಕೂರುತ್ತಾರೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆಗೆ ಹೋಗುವ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು. ಯಾವುದು ಹತ್ತಲಿ ಎಂದು ಮಾವ ಯೋಚಿಸುತ್ತಿದ್ದಂತೆ ಎರಡೂ ಹೊರಟುಹೋದವು! ಮನೆಗೆ ವಾಪಸ್ ಬಂದು, "ಇವತ್ತು ಬಸ್ಸೇ ಸರಿಯಿಲ್ಲ" ಅಂದರು.

ಇಂಥವರ ಕೈಗೆ ಸಿಕ್ಕಿದ್ದು ಎರಡು ರೋಮನ್ ನಾಣ್ಯ. ಮೊದಲನೆಯದನ್ನು ದಾವಣಗೆರೆಯ ನಾಣ್ಯ ಪ್ರದರ್ಶನದಲ್ಲಿ ರಸೀದಿ ಸಮೇತ ಕೊಂಡರು. ಎರಡು ಸಾವಿರ ವರ್ಷದ ಹಿಂದಿನ ಬೆಳ್ಳಿ. ಒಂದು ಕಡೆ ಯಾವನೋ ದೊರೆಯ ಮುಖ, ಇನ್ನೊಂದು ಕಡೆ ಕುರ್ಚಿಯ ಮೇಲೆ ಕೂತ ಹೆಂಗಸು. ಮರುವರ್ಷ ಅಲ್ಲೇ ಅಂಥದೇ ಇನ್ನೊಂದು ಕಂಡಿತು. ಮನೆಯಲ್ಲಿರುವ ಹೆಂಗಸಿನ ಕುರ್ಚಿಯ ಕಾಲು ಹೇಗಿತ್ತು ಎಂಬ ಅನುಮಾನ ಬಂತು. ಫೋನ್ ಮಾಡಿ ಅತ್ತೆಯನ್ನು ಕೇಳಿದರೆ, "ನಮ್ಮನೇಲಿ ಇರೋವೆಲ್ಲ ಪ್ಲಾಸ್ಟಿಕ್ ಕುರ್ಚಿ" ಅಂದರಂತೆ. ಅನುಮಾನ ಪರಿಹಾರಕ್ಕೆಂದೇ ಅದನ್ನೂ ಕೊಂಡು ತಂದರು. ನೋಡಿದರೆ ಒಂದರಲ್ಲಿ ಕುರ್ಚಿಯ ಕಾಲು ಸಾದಾ, ಇನ್ನೊಂದರಲ್ಲಿ ಬಡಗಿ ಕಡೆದಂಥ ಕಾಲು. ಎರಡೂ ಬೇರೆ ಬೇರೆ ಅಚ್ಚು! ಮಾವ ಬೀದಿಗೆಲ್ಲ ಸಿಹಿ ಹಂಚುವುದೊಂದು ಬಾಕಿ.

ಅತ್ತೆಗೆ ಕುರ್ಚಿಯ ಕಾಲು ಮುಖ್ಯವಲ್ಲ. ಬೆಳ್ಳಿ ನಾಣ್ಯದಲ್ಲಿ ಕೂತಿರುವ ಹೆಂಗಸು ಲಕ್ಷ್ಮಿಯಲ್ಲದೆ ಇನ್ಯಾರು? ದೀಪಾವಳಿಯ ಲಕ್ಷ್ಮೀಪೂಜೆಗೆ ದೀಪ, ಆರತಿ ತಟ್ಟೆಗಳ ಜೊತೆ ಸಾದಾ ಕಾಲಿನವಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಅರಿಶಿನ ಕುಂಕುಮ ಇಟ್ಟು ಕೈಮುಗಿದರು. ಇಪ್ಪತ್ತು ಶತಮಾನದ ಕಪ್ಪು ಹತ್ತು ನಿಮಿಷದಲ್ಲಿ ಚರಂಡಿ ಸೇರಿತು. ನಾಣ್ಯ ಕೂಡಿಡುವವರಿಗೆ ಆ ಕಪ್ಪೇ ಪ್ರಾಣ ಎಂದು ಅತ್ತೆಗೆ ಹೇಳಿದವರು ಯಾರು? ಮಾವ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು: ಮನೆಗೆ ಬಂದವರಿಗೆಲ್ಲ ನಗುನಗುತ್ತಾ ಆ ಕಥೆ ಹೇಳತೊಡಗಿದರು. ಕಥೆ ಶುರುವಾದೊಡನೆ ಅತ್ತೆ ಒಳಗೆ ಹೋಗಿಬಿಡುತ್ತಿದ್ದರು. ನಾವೂ ನಕ್ಕೆವು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೀಗಿರುವಾಗ ಹೊನ್ನಾಳಿಯಿಂದ ಮಾವನ ಗೆಳೆಯರೊಬ್ಬರ ಫೋನು ಬಂತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಅವರಿಗೂ ಇದೇ ಹುಚ್ಚು. ಅವರಲ್ಲಿ ಆನೆಯ ಚಿತ್ರವಿರುವ ರೋಮನ್ ನಾಣ್ಯ ಒಂದಿದೆ. ಅದಕ್ಕಾಗಿ ಮಾವ ವರ್ಷಗಟ್ಟಲೆ ಗೋಗರೆದಿದ್ದರು. "ನಿಮ್ಮ ಎರಡರಲ್ಲಿ ಒಂದು ಕೊಡ್ರಿ, ಆನೆ ನಿಮ್ದು. ಯಾವುದು ಕೊಟ್ರೂ ನಡೀತೈತೆ. ಭಾನುವಾರ ಬರ್ತೀನಿ," ಅಂದರು ಮೇಷ್ಟ್ರು.

ಯಾವುದು ಕೊಟ್ಟರೂ! ಮಾವನಿಗೆ ಇದಕ್ಕಿಂತ ಕ್ರೂರವಾದ ಮಾತನ್ನು ಯಾರೂ ಆಡಿರಲಿಲ್ಲ. ಎರಡನ್ನೂ ತೂಗಿದರು, ಭೂತಗನ್ನಡಿ ಹಿಡಿದರು. ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಫೋಟೋ ಹಾಕಿ ಅಭಿಪ್ರಾಯ ಕೇಳಿದರು. ಕತ್ತಲಗೆರೆಯ ಚಿಕ್ಕಮ್ಮ ಎರಡಕ್ಕೂ ಹೆಬ್ಬೆರಳು ಎತ್ತಿದಳು. ಕೊನೆಗೆ, ಮಂಡಿಯ ಅಭ್ಯಾಸ ಎಲ್ಲಿ ಬಿಡುತ್ತದೆ, ಕಪ್ಪಗಿದ್ದದ್ದನ್ನು ಬಾಯಿಗೆ ಹಾಕಿ ಕಚ್ಚಿ ನೋಡಿ, "ಚೆನ್ನಾಗಿ ಒಣಗೈತೆ" ಅಂದರು.

ಅತ್ತೆಗೆ ಮಾತ್ರ ನಗು ಬರಲಿಲ್ಲ. ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ, "ಹೊಳೆಯೋದನ್ನೇ ಕೊಡ್ತಾರೆ ನೋಡು. ಮೇಷ್ಟ್ರು ಅದನ್ನ ಗಾಜಿನ ಪೆಟ್ಟಿಗೇಲಿಟ್ಟು ಬಂದೋರಿಗೆಲ್ಲ ತೋರ್ಸಾಕೆ ಶುರು ಮಾಡ್ತಾರೆ. ನನ್ನ ದಡ್ಡತನ ಹೊನ್ನಾಳಿಗೆಲ್ಲ ಗೊತ್ತಾಗ್ತೈತೆ," ಅಂದರು. ಒಲೆಯ ಉರಿ ತಗ್ಗಿಸಿ, "ಇಟ್ಕಳ್ರಿ ಅನ್ನಾಕೆ ನನಗ್ಯಾವ ಬಾಯಿ ಐತೆ? ಕೆಡಿಸಿದೋಳು ನಾನೇ," ಅಂದರು.

ಭಾನುವಾರ ಮೇಷ್ಟ್ರು ಬಂದರು. ಮಂಡಕ್ಕಿ ಮುಗಿಸಿ ಆನೆಯನ್ನು ಮೇಜಿನ ಮೇಲಿಟ್ಟರು. ಸಿಗುವುದು ಹುಣಸೆಹಣ್ಣಿನವಳೇ ಎಂದು, ಮಾವನ ಬಾಯಲ್ಲಿ ಆ ಕಥೆ ಕೇಳಿದ್ದ ಅವರಿಗೂ ಗೊತ್ತಿತ್ತು. ಮುಖದಲ್ಲಿ ಹೆಚ್ಚಿನ ಆಸೆಯೇನೂ ಇರಲಿಲ್ಲ. ಮಾವ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಕೂಡ ಮಿಟುಕಿಸದೆ, ಕಪ್ಪು ನಾಣ್ಯವನ್ನು ಅವರ ಮುಂದೆ ಸರಿಸಿದರು.

"ಕೈ ತಪ್ಪೈತೇನ್ರಿ? ಇದು ಒಳ್ಳೇದು," ಅಂದರು ಮೇಷ್ಟ್ರು ಗಾಬರಿಯಾಗಿ.

"ಒಳ್ಳೇದೇ. ತಗಂಡು ಹೋಗ್ರಿ."

ಮಾವನ ಮನಸ್ಸು ಬದಲಾದೀತೆಂಬ ಭಯಕ್ಕೆ ಮೇಷ್ಟ್ರು ಎಡಬಲ ನೋಡದೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು. ಮಾವ ರಾಜ್ಯ ಗೆದ್ದವರ ಹಾಗೆ ಮೀಸೆ ತಿರುವುತ್ತಾ ಕೂತರು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಕೆಟ್ಟಿದ್ದು ಇಟ್ಕಂಡು ಬೆಲೆ ಇರೋದು ಕೊಟ್ರಲ್ರೀ."

"ಎರಡು ಸಾವಿರ ವರ್ಷದಾಗೆ ಇದನ್ನ ಎಷ್ಟು ಜನ ಮುಟ್ಟಿದ್ರೋ," ಅಂದರು ಮಾವ. "ಕುಂಕುಮ ಇಟ್ಟು ಕೈಮುಗಿದೋಳು ನೀನೊಬ್ಳೇ. ಇಂಥದ್ದು ಇನ್ನೊಂದು ಯಾವ ಪ್ರದರ್ಶನದಾಗೂ ಸಿಗಲ್ಲ. ಊರಿಗೆಲ್ಲ ಹೇಳ್ಕಂಡು ನಕ್ಕಿದ್ದು ನನ್ನ ತಪ್ಪು."

ಈ ಮನುಷ್ಯನನ್ನು ಇಷ್ಟು ವರ್ಷ ಬರೀ ನಗುವುದಕ್ಕೆ ಇಟ್ಟುಕೊಂಡಿದ್ದೆನಲ್ಲ ಅನ್ನಿಸಿತು. ಅತ್ತೆ ಹತ್ತಿರ ಬಂದು ನಾಣ್ಯವನ್ನು ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಬಹಳ ಹೊತ್ತು ನೋಡಿದರು.

"ಇನ್ಮೇಲೆ ತಿಕ್ಕಲ್ಲ ಬಿಡ್ರಿ."

"ತಿಕ್ಕು," ಅಂದರು ಮಾವ. "ಈ ಸಲ ಹುಣಸೆಹಣ್ಣು ನಾನೇ ನೆನೆಹಾಕ್ತೀನಿ."