ಹಸಿರು ತಲೆಯ ಜೇಡ

ಇಷ್ಟಕ್ಕೆಲ್ಲ ಕಾರಣ ಅರ್ಧ ಡಾಕ್ಟರ ಫೋನು. ಅರ್ಧ ಡಾಕ್ಟರು ಎಂದರೆ ಬೀದಿಯ ಔಷಧಿ ಅಂಗಡಿಯವರು. ಅವರು ಓದಿದ್ದೆಲ್ಲ ಮಾತ್ರೆ ಡಬ್ಬಿಯ ಮೇಲಿನ ಚೀಟಿ, ಮಾತಾಡುವುದು ಮಾತ್ರ ದೊಡ್ಡಾಸ್ಪತ್ರೆಯನ್ನು ತಾವೇ ಕಟ್ಟಿಸಿದವರ ಹಾಗೆ. ಬೀದಿಯ ಅಂಗಡಿಯವರೆಲ್ಲ ಸೇರಿ ಮೂರು ದಿನ ದ್ವೀಪಕ್ಕೆ ಹೋಗಿ ಬರುವುದೆಂದು ಗೊತ್ತಾದ ದಿನವೇ ಅವರು ಟೈಲರ್ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಫೋನನ್ನು ಮೂಗಿಗೆ ತಾಗಿಸಿಕೊಂಡು ಓದತೊಡಗಿದರು.

“ಆ ದ್ವೀಪದಲ್ಲಿ ಒಂದು ಜಾತಿ ಜೇಡ ಇದೆಯಂತೆ ಮಾಸ್ಟ್ರೇ. ಕಚ್ಚಿದ್ರೆ ಮೊದಲು ಚುರ್ ಅನ್ನುತ್ತಂತೆ. ಆಮೇಲೆ ಬೆವರು. ಆಮೇಲೆ ನಾಲಿಗೆ ದಪ್ಪ ಆಗುತ್ತಂತೆ. ಆಮೇಲೆ ಏನಾಗುತ್ತೆ ಅಂತ ಬರೆದಿಲ್ಲ.”

ಬರೆಯದೆ ಬಿಟ್ಟದ್ದನ್ನು ಟೈಲರ್ ಮಾಸ್ಟರು ತಾವೇ ತುಂಬಿಕೊಂಡರು. ಮಾಸ್ಟರು ಹೇಡಿಯಲ್ಲ. ರೌಡಿ ಎಂದು ಹೆಸರಾದವನ ಎದೆಗೂ ಟೇಪು ಸುತ್ತಿ, “ಉಸಿರು ಬಿಡ್ರೀ, ಎದೆ ಉಬ್ಬಿಸಿದ್ರೆ ಅಂಗಿ ಕೆಡುತ್ತೆ” ಎಂದು ಗದರಿಸಿದವರು. ಆದರೆ ನಾಲ್ಕಕ್ಕಿಂತ ಹೆಚ್ಚು ಕಾಲಿರುವುದು ಯಾವುದು ಕಂಡರೂ ಅವರ ಎರಡು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಜಿರಳೆ ಕಂಡು ಕಟಿಂಗ್ ಟೇಬಲ್ ಹತ್ತಿ, ಹೆಂಡತಿ ಬಂದು ಪೊರಕೆಯಿಂದ ಗುಡಿಸಿದ ಮೇಲೆ ಇಳಿದವರು ಅವರು.

ಹಾಗಿದ್ದರೆ ಟ್ರಿಪ್ಪು ಬಿಡಬಹುದಿತ್ತಲ್ಲ ಎಂದರೆ, ಬಿಡುವ ಹಾಗಿರಲಿಲ್ಲ. ಅರ್ಧ ಡಾಕ್ಟರ ಅಕ್ಕ ಬೀದಿಯ ಕೊನೆಯ ಶಾಲೆಯ ಹೆಡ್‌ಮಿಸ್ಸು. ಅವರೂ ಬರುವವರಿದ್ದರು. ಮುನ್ನೂರು ಮಕ್ಕಳ ಯೂನಿಫಾರ್ಮು ಈ ವರ್ಷ ಯಾರ ಕೈಗೆ ಎಂದು ತೀರ್ಮಾನ ಮಾಡುವವರು ಅವರೇ. ಹಳೆಯ ಟೈಲರು ಒಂದು ಮಗುವಿನ ಲಂಗದಲ್ಲಿ ಪಿನ್ನು ಬಿಟ್ಟು, ಅದು ಮಗುವಿಗೆ ಚುಚ್ಚಿ, ಆತ ಶಾಲೆಯ ಗೇಟಿನಿಂದಾಚೆಗೆ ಹೋದದ್ದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. “ಟ್ರಿಪ್ಪು ಮುಗಿಯೋದ್ರೊಳಗೆ ಹೇಳ್ತೀನಿ ಮಾಸ್ಟ್ರೇ” ಎಂದಿದ್ದರು ಹೆಡ್‌ಮಿಸ್ಸು.

“ಮೇಡಂ, ಇಪ್ಪತ್ತೆರಡು ವರ್ಷ ಆಯ್ತು. ನನ್ನ ಅಂಗಡಿಯಿಂದ ಬಟ್ಟೆ ಜೊತೆ ಒಂದೇ ಒಂದು ಪಿನ್ನು ಹೊರಗೆ ಹೋಗಿಲ್ಲ” ಎಂದು ಮಾಸ್ಟರು ಎದೆ ತಟ್ಟಿಕೊಂಡಿದ್ದರು. ಅದು ನಿಜವೂ ಆಗಿತ್ತು. ಅವರ ಪಿನ್ನುಗಳಿಗೆ ಹಸಿರು ಮಣಿಯ ತಲೆ. ಅಂಗಡಿ ಮುಚ್ಚುವ ಮೊದಲು ಅಷ್ಟನ್ನೂ ಎಣಿಸಿ ಡಬ್ಬಿಗೆ ಹಾಕದೆ ಅವರು ಬೀಗ ಹಾಕುತ್ತಿರಲಿಲ್ಲ.

ಅಂಥ ಮಾಸ್ಟರು ಹೊರಡುವ ಹಿಂದಿನ ದಿನ ಕೂತು ತಮಗಾಗಿ ಒಂದು ಬಟ್ಟೆ ಹೊಲಿದುಕೊಂಡರು. ಅಂಗಿ, ಪ್ಯಾಂಟು, ಟೋಪಿ ಎಲ್ಲ ಒಂದೇ. ಕೈಗೂ ಕಾಲಿಗೂ ಬಿಗಿ ಎಲಾಸ್ಟಿಕ್, ಮುಖಕ್ಕೆ ಪರದೆ, ಬೆನ್ನಿಗೆ ಹನ್ನೊಂದು ಗುಂಡಿ. ಜೇಡ ಹೆಚ್ಚಾಗಿ ಕಚ್ಚುವುದು ಕೂತಾಗಲೇ ಎಂದು ಅರ್ಧ ಡಾಕ್ಟರು ಹೇಳಿದ್ದರಿಂದ ಕೂರುವ ಜಾಗಕ್ಕೆ ಎರಡು ಪದರ.

“ಇದೇನ್ರೀ, ದಿಂಬಿನ ಗವಸಿನ ಹಾಗಿದೆ” ಎಂದಳು ಹೆಂಡತಿ. ಅವಳು ಕಾಜ ಹೊಲಿಯುತ್ತ ಪಕ್ಕದಲ್ಲೇ ಇದ್ದಳು. “ಪಿನ್ನು ಎಣಿಸಿದ್ರಾ?”

“ಬೆಳಿಗ್ಗೆ ಇಬ್ಬರೂ ದೋಣಿ ಹಿಡೀಬೇಕು. ಪಿನ್ನು ಎಲ್ಲಿಗೆ ಓಡಿಹೋಗುತ್ತೆ, ವಾಪಸ್ ಬಂದು ಎಣಿಸ್ತೀನಿ ಬಿಡು.”

ಹೆಂಡತಿ ಬಿಟ್ಟಳು.

ದ್ವೀಪ ಸೇರಿದ ಮರುದಿನ ಬೆಳಿಗ್ಗೆ ಮಾಸ್ಟರು ಗವಸಿನೊಳಗೆ ಸೇರಿಕೊಂಡು ವಸತಿಗೃಹದ ಮೆಟ್ಟಿಲಿಳಿದು ಬಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿಯ ಫೋಟೋ ಸ್ಟುಡಿಯೋದವನು ನಗುತ್ತಲೇ ನಾಲ್ಕು ಫೋಟೋ ತೆಗೆದ. ನಗದೆ ಇದ್ದವರು ಹೆಡ್‌ಮಿಸ್ಸು ಒಬ್ಬರೇ. ಅವರು ಹತ್ತಿರ ಬಂದು ತೋಳಿನ ಹೊಲಿಗೆಯನ್ನು ಬೆರಳಿನಿಂದ ಸವರಿ, ಕಾಲಿನ ಎಲಾಸ್ಟಿಕ್ ಎಳೆದು ನೋಡಿದರು. ಪಿನ್ನು ಹುಡುಕುತ್ತಿದ್ದಾರೆ ಎಂದು ಮಾಸ್ಟರಿಗೆ ಅನ್ನಿಸಿತು. ಹುಡುಕಲಿ, ಸಿಕ್ಕರೆ ತಾನೆ ಎಂದು ನೆಟ್ಟಗೆ ನಿಂತರು.

“ಇದರೊಳಗೆ ಇರುವೆ ಕೂಡ ಹೋಗಲ್ವಾ?”

“ಇರುವೆ ಬಿಡಿ ಮೇಡಂ, ಗಾಳಿ ಹೋಗ್ಬೇಕಾದ್ರೂ ನನ್ನ ಕೇಳ್ಬೇಕು.”

ಹೆಡ್‌ಮಿಸ್ಸು ತಲೆಯಾಡಿಸಿ ಏನೋ ಯೋಚಿಸುತ್ತ ಹೋದರು. ಮಾಸ್ಟರಿಗೆ ಯೂನಿಫಾರ್ಮು ಕೈಗೆ ಬಂದಷ್ಟೇ ಖುಷಿಯಾಯಿತು. ಕುರ್ಚಿಯ ಬುಡದಲ್ಲಿ ಏನಿದೆಯೋ ಎಂದು ತಿಂಡಿಯನ್ನು ನಿಂತೇ ತಿಂದರು. ಪರದೆ ಎತ್ತಿ ಒಂದು ತುತ್ತು, ಇಳಿಸಿ ಸುತ್ತ ಒಂದು ನೋಟ.

ತಿಂಡಿಯಾದ ಮೇಲೆ ಎಲ್ಲರೂ ಹತ್ತಿರದ ತೋಟ ನೋಡಲು ನಡೆದೇ ಹೊರಟರು. ತೋಟದ ನಡುವೆ ಒಂದು ಕೊಳ, ಕೊಳದ ದಂಡೆಗೆ ಕಲ್ಲು ಬೆಂಚು. ಬಿಸಿಲಿಗೆ ಗವಸಿನೊಳಗೆ ಬೆಂದುಹೋದ ಮಾಸ್ಟರು, ಎರಡು ಪದರ ಇದೆಯಲ್ಲ ಎಂಬ ಧೈರ್ಯದ ಮೇಲೆ ಆ ದಿನ ಮೊದಲ ಸಲ ಕೂತರು. ಕೂತವರು ಅದಕ್ಕಿಂತ ಬೇಗ ಎದ್ದರು.

“ಕಚ್ತು. ಕಚ್ಚಿಬಿಡ್ತು ಕಣ್ರೀ.”

ಎಲ್ಲರೂ ಓಡಿಬಂದರು. ಅರ್ಧ ಡಾಕ್ಟರಿಗಂತೂ ವರ್ಷಗಳಿಂದ ಕಾಯುತ್ತಿದ್ದ ರೋಗಿ ಸಿಕ್ಕಿದಂತಾಯಿತು. “ಚುರ್ ಅಂತಾ?”

“ಚುರ್ ಅಂತು.”

“ಬೆವರು?”

ಮಾಸ್ಟರು ಬೆಳಗಿನಿಂದ ಬೆವರುತ್ತಲೇ ಇದ್ದರು. “ಸುರೀತಾ ಇದೆ.”

“ನಾಲಿಗೆ?”

ಮಾಸ್ಟರು ನಾಲಿಗೆಯನ್ನು ಬಾಯೊಳಗೆ ತಿರುಗಿಸಿ ನೋಡಿದರು. ದಪ್ಪ ಎನ್ನಿಸಿತು. ಮೊದಲು ಎಷ್ಟು ತೆಳ್ಳಗಿತ್ತು ಎಂದು ಅವರು ಯಾವತ್ತೂ ಗಮನಿಸಿರಲಿಲ್ಲ.

“ಕಚ್ಚಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಬೇಕು” ಎಂದು ಅರ್ಧ ಡಾಕ್ಟರು ಹೆಗಲ ಮೇಲಿನ ಟವೆಲ್ಲು ತೆಗೆದರು.

“ಕಚ್ಚಿರೋದು ಕೂರೋ ಜಾಗಕ್ಕೆ ಸ್ವಾಮಿ” ಎಂದಳು ಮಾಸ್ಟರ ಹೆಂಡತಿ. “ಅದರ ಮೇಲ್ಗಡೆ ಎಲ್ಲಿಗೆ ಕಟ್ತೀರಿ, ಕುತ್ತಿಗೆಗಾ?”

ಗವಸು ಬಿಚ್ಚಿ ನೋಡೋಣವೆಂದರೆ ಹೆಡ್‌ಮಿಸ್ಸು ಎದುರಿಗೇ ನಿಂತಿದ್ದರು. ಕೊನೆಗೆ ಹೆಡ್‌ಮಿಸ್ಸೇ, “ಮೊದಲು ಆಸ್ಪತ್ರೆಗೆ ನಡೀರಿ, ಮಾತು ಆಮೇಲೆ” ಎಂದು ವಸತಿಗೃಹದ ವ್ಯಾನು ಕರೆಸಿ ಅದರ ಬಾಗಿಲು ತೆಗೆದರು. ಮಾಸ್ಟರು ಹತ್ತಿ ಸೀಟಿನ ಮೇಲೆ ಕೂತರು. ಮತ್ತೆ ಎದ್ದರು. ತಲೆ ವ್ಯಾನಿನ ಸೂರಿಗೆ ಬಡಿಯಿತು.

“ಇನ್ನೂ ಒಳಗೇ ಇದೆ. ಎರಡನೇ ಸಲ ಕಚ್ತು” ಎಂದರು ಮಾಸ್ಟರು. ಈಗ ಅವರ ಸ್ವರ ಅಳುವಿಗೆ ತಿರುಗಿತ್ತು. ಏನೂ ಒಳಗೆ ನುಗ್ಗದ ಹಾಗೆ ಹೊಲಿದ ಬಟ್ಟೆಯಿಂದ ಒಳಗಿರುವುದು ಹೊರಗೆ ಹೋಗುವುದಾದರೂ ಹೇಗೆ?

“ಅಲ್ಲಾಡಬೇಡಿ ಮಾಸ್ಟ್ರೇ” ಎಂದು ಸ್ಟುಡಿಯೋದವನು ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. ಕ್ಯಾಮೆರಾ ಹಿಡಿದ ಕೈ, ಗುರಿ ತಪ್ಪುವುದಿಲ್ಲ. ಬೀಸಿ ಒಂದು ಕೊಟ್ಟ. ಮಾಸ್ಟರು ಕೂಗಿದ ಕೂಗಿಗೆ ಡ್ರೈವರು ವ್ಯಾನನ್ನು ರಸ್ತೆಯ ಆ ಕಡೆಗೆ ಒಯ್ದು ಈ ಕಡೆಗೆ ತಂದ. ಉಳಿದ ದಾರಿಯುದ್ದಕ್ಕೂ ಮಾಸ್ಟರು ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿನಿಂದ ರಸ್ತೆ ನೋಡುತ್ತ ಹೋದರು. ಮಕ್ಕಳಿಲ್ಲದ ಮನೆ, ಹೆಂಡತಿ ಒಬ್ಬಳೇ ಅಂಗಡಿ ಹೇಗೆ ನಡೆಸುತ್ತಾಳೆ ಎಂದು ನೆನೆದು ಅವರ ಕಣ್ಣು ನಿಜವಾಗಿಯೂ ತುಂಬಿತು.

ದ್ವೀಪದ ಆಸ್ಪತ್ರೆ ಎಂದರೆ ಎರಡು ಕೋಣೆ. ಡಾಕ್ಟರಮ್ಮ ವಯಸ್ಸಾದವರು, ಯಾವುದಕ್ಕೂ ಅವಸರಪಡುವವರಲ್ಲ. ಮಾಸ್ಟರನ್ನೂ ಹೆಂಡತಿಯನ್ನೂ ಒಳಗೆ ಕರೆದು ಉಳಿದವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಹೆಂಡತಿ ಹನ್ನೊಂದು ಗುಂಡಿಯನ್ನೂ ಬಿಚ್ಚಿದಳು. ಡಾಕ್ಟರಮ್ಮ ಗಾಯ ನೋಡಿದರು, ಆಮೇಲೆ ಗವಸನ್ನು ದೀಪಕ್ಕೆ ಹಿಡಿದು, ಎರಡು ಪದರದ ನಡುವೆ ಇಕ್ಕಳ ತೂರಿಸಿ ಏನನ್ನೋ ಹೊರಗೆಳೆದರು.

“ಜೇಡಕ್ಕೆ ಎಂಟು ಕಾಲು ಅಂತ ಓದಿದ್ದೆ” ಎಂದರು. “ಇದಕ್ಕೆ ಒಂದೇ ಇದೆ.”

ಇಕ್ಕಳದ ತುದಿಯಲ್ಲಿ ಹಸಿರು ಮಣಿಯ ಪಿನ್ನು ಮಿನುಗುತ್ತಿತ್ತು.

“ಎಣಿಸಿದ್ರಾ ಅಂತ ಕೇಳಿದ್ದೆ” ಎಂದಳು ಹೆಂಡತಿ, ಮೆಲ್ಲಗೆ.

ಮಾಸ್ಟರಿಗೆ ಜೀವ ಉಳಿದ ಸಂತೋಷ ಅರೆಗಳಿಗೆಯೂ ಇರಲಿಲ್ಲ. ಬಾಗಿಲಿನಾಚೆ ಹೆಡ್‌ಮಿಸ್ಸು ಕೂತಿದ್ದಾರೆ. ಇಪ್ಪತ್ತೆರಡು ವರ್ಷದ ಹೆಸರು, ಮುನ್ನೂರು ಮಕ್ಕಳ ಯೂನಿಫಾರ್ಮು, ಎಲ್ಲವೂ ಆ ಹಸಿರು ಮಣಿಯ ಮೇಲೆ ನಿಂತಿತ್ತು.

“ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಹೊರಗಡೆ ಇದನ್ನ ಪಿನ್ನು ಅನ್ನಬೇಡಿ.”

“ನಾನು ಸುಳ್ಳು ಹೇಳೋಳಲ್ಲಪ್ಪ. ಬೇಕಾದ್ರೆ ಸುಮ್ಮನಿರ್ತೀನಿ. ಇಲ್ಲಿ ತಿರುಗಿ, ಟೆಟನಸ್ ಇಂಜೆಕ್ಷನ್ ಒಂದು ಕೊಡ್ಬೇಕು.”

“ಅದನ್ನೂ ಚುಚ್ಚೋದೇನಾ?”

“ಇಲ್ಲ, ಓದಿ ಹೇಳ್ತೀನಿ” ಎಂದು ಡಾಕ್ಟರಮ್ಮ ಚುಚ್ಚಿಯೇಬಿಟ್ಟರು.

ಹೊರಗೆ ಬಂದ ಮಾಸ್ಟರು ಬೇರೆಯೇ ಮನುಷ್ಯ. ಗವಸನ್ನು ಮತ್ತೆ ತೊಟ್ಟು, ಪರದೆಯನ್ನು ಹಣೆಯ ಮೇಲಕ್ಕೆತ್ತಿ, ಯುದ್ಧ ಗೆದ್ದು ಬಂದವರ ಹಾಗೆ ಬಾಗಿಲಲ್ಲಿ ನಿಂತರು.

“ಜೇಡನೇ. ಅಂಗೈ ಅಗಲ ಇತ್ತು” ಎಂದರು. “ಕೈಯಲ್ಲೇ ಹಿಡಿದು ಹೊಸಕಿಬಿಟ್ಟೆ.”

“ನೋಡೋಕೆ ಹೇಗಿತ್ತು?” ಎಂದು ಅರ್ಧ ಡಾಕ್ಟರು ಫೋನು ತೆಗೆದರು.

ಮಾಸ್ಟರು ಜೇಬಿನಲ್ಲಿದ್ದ ಪಿನ್ನನ್ನು ಬೆರಳಿನಿಂದ ಮುಟ್ಟಿಕೊಂಡರು. “ಬೆಳ್ಳಿ ಮೈ. ಹಸಿರು ತಲೆ.”

ಅರ್ಧ ಡಾಕ್ಟರು ಫೋನನ್ನು ಮೇಲೆ ಕೆಳಗೆ ಉಜ್ಜಿದರು. “ಇಲ್ಲೆಲ್ಲೂ ಇಲ್ವಲ್ಲ. ಹೊಸ ಜಾತಿನೇ ಇರಬೇಕು ಮಾಸ್ಟ್ರೇ. ಅದಕ್ಕೆ ನಿಮ್ಮ ಹೆಸರೇ ಇಡ್ತಾರೆ ನೋಡ್ತಿರಿ.” ಡಾಕ್ಟರಮ್ಮ ಒಳಗಿನಿಂದ ಕೆಮ್ಮಿದರು.

ಮಧ್ಯಾಹ್ನದ ಹೊತ್ತಿಗೆ ವಸತಿಗೃಹದಲ್ಲೆಲ್ಲ ಸುದ್ದಿ ಹರಡಿತ್ತು. ಅಡುಗೆಯವರು ಸೌಟು ಹಿಡಿದೇ ಬಂದು ನೋಡಿ ಹೋದರು. ಕೇಳಿದವರಿಗೆಲ್ಲ ಹೇಳುತ್ತ ಹೇಳುತ್ತ ಮಾಸ್ಟರ ಜೇಡಕ್ಕೆ ಮೀಸೆ ಬಂತು, ಎರಡು ಹಲ್ಲು ಬಂದವು. ಸ್ಟುಡಿಯೋದವನು ಅವರನ್ನು ಕಂಬಕ್ಕೆ ಒರಗಿಸಿ, ಮುಷ್ಟಿ ಬಿಗಿಸಲು ಹೇಳಿ ಫೋಟೋ ತೆಗೆದ. ಹೆಂಡತಿ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು.

ಸಂಜೆ ಹೆಡ್‌ಮಿಸ್ಸು ಹೇಳಿ ಕಳಿಸಿದರು. ಯೂನಿಫಾರ್ಮಿನ ವಿಷಯವೇ ಎಂದು ಮಾಸ್ಟರು ಗವಸಿನ ಸುಕ್ಕು ತೀಡಿಕೊಂಡು ಹಜಾರಕ್ಕೆ ಹೋದರು.

“ಕೂತ್ಕೊಳ್ಳಿ ಮಾಸ್ಟ್ರೇ.”

“ನಿಂತೇ ಇರ್ತೀನಿ ಮೇಡಂ. ಇವತ್ತು ಅದೇ ಸುಖ.”

“ಈ ಸಲ ಮಕ್ಕಳನ್ನ ಕಾಡಿನ ಹತ್ತಿರ ಕ್ಯಾಂಪಿಗೆ ಕರ್ಕೊಂಡು ಹೋಗ್ಬೇಕು ಅಂತಿದ್ದೀವಿ. ಹುಳ ಹುಪ್ಪಟೆ ಕಚ್ಚುತ್ತೆ ಅಂತ ಅಪ್ಪ ಅಮ್ಮಂದಿರು ಒಪ್ತಿಲ್ಲ. ಬೆಳಿಗ್ಗೆ ನಿಮ್ಮ ಈ ಗವಸು ನೋಡಿದ ಕೂಡ್ಲೇ ಮನಸ್ಸಿನಲ್ಲೇ ತೀರ್ಮಾನ ಆಗಿಹೋಗಿತ್ತು. ಯೂನಿಫಾರ್ಮೂ ನಿಮಗೇ, ಅದರ ಜೊತೆ ಮಗುವಿಗೊಂದು ಇಂಥ ಗವಸೂ ನಿಮ್ಮ ಹತ್ತಿರಾನೇ ಅಂತ.”

ಮಾಸ್ಟರ ಕಾಲು ನೆಲದ ಮೇಲಿರಲಿಲ್ಲ. ಈ ಸಲ ಸಂತೋಷಕ್ಕೆ.

“ಆದ್ರೆ ಏನು ಮಾಡೋದು” ಎಂದರು ಹೆಡ್‌ಮಿಸ್ಸು. “ನಿಮಗೆ ಅಂತ ನೀವೇ ಹೊಲ್ಕೊಂಡ ಬಟ್ಟೆಯೊಳಗೇ ಅಂಗೈ ಅಗಲದ ಜೇಡ ನುಗ್ಗಿತು. ಮಕ್ಕಳಿಗೆ ಹೊಲಿದಿದ್ದು ಇನ್ನು ಹೇಗಿರುತ್ತೆ? ನಿಮ್ಮ ಹೊಲಿಗೆ ಇಷ್ಟು ಸಡಿಲ ಅಂತ ನನಗೆ ಗೊತ್ತಿರಲಿಲ್ಲ.”

ಹೊಲಿಗೆ ಸಡಿಲ. ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಯಾರೂ ಅವರಿಗೆ ಅಂದಿರಲಿಲ್ಲ. ಪಿನ್ನು ಚುಚ್ಚಿದ್ದಕ್ಕಿಂತ ಇದು ಆಳಕ್ಕೆ ಇಳಿಯಿತು. ಮಾಸ್ಟರಿಗೆ ತಡೆಯಲಾಗಲಿಲ್ಲ. ಜೇಬಿಗೆ ಕೈಹಾಕಿ ಪಿನ್ನನ್ನು ತೆಗೆದು ಮೇಜಿನ ಮೇಲಿಟ್ಟರು.

“ಜೇಡ ಅಲ್ಲ ಮೇಡಂ. ಇದು. ಆ ದಿನ ಅವಸರದಲ್ಲಿ ಎಣಿಸಲಿಲ್ಲ. ಹೊಲಿಗೆ ಮಾತ್ರ ಗಟ್ಟಿ. ಒಂದು ಇರುವೆ ಕೂಡ ಒಳಗೆ ಬಂದಿಲ್ಲ, ಬೇಕಾದ್ರೆ ಡಾಕ್ಟರಮ್ಮನ್ನ ಕೇಳಿ.”

ಹೆಡ್‌ಮಿಸ್ಸು ಕನ್ನಡಕ ಏರಿಸಿ ಪಿನ್ನನ್ನು ಬಹಳ ಹೊತ್ತು ನೋಡಿದರು. “ಹಸಿರು ತಲೆ” ಎಂದರು. ಆಮೇಲೆ ಕೇಳಿದರು, “ಹಳೇ ಟೈಲರನ್ನ ಯಾಕೆ ಬಿಟ್ಟೆ, ಗೊತ್ತಾ?”

“ಗೊತ್ತು ಮೇಡಂ. ಲಂಗದಲ್ಲಿ ಪಿನ್ನು ಬಿಟ್ಟಿದ್ದಕ್ಕೆ.”

“ಪಿನ್ನು ಯಾರ ಕೈಯಿಂದಲೂ ತಪ್ಪಿಹೋಗುತ್ತೆ, ಅದೇನು ದೊಡ್ಡದಲ್ಲ. ಆ ಪಿನ್ನು ಅವನ ಕೈಗೇ ಸಿಕ್ಕಿತು. ಸಿಕ್ಕಿದ್ದನ್ನ ಜೇಬಿಗೆ ಹಾಕ್ಕೊಂಡು, ಮಗುವಿಗೆ ಇರುವೆ ಕಚ್ಚಿರಬೇಕು ಅಂದ. ನಾನು ಅವನನ್ನ ಬಿಟ್ಟಿದ್ದು ಆ ಇರುವೆಗೆ.” ಹೆಡ್‌ಮಿಸ್ಸು ಎದ್ದು ನಿಂತರು. “ನಿಮ್ಮ ಜೇಡ ಅವನ ಇರುವೆಗಿಂತ ತುಂಬಾ ದೊಡ್ಡದು ಮಾಸ್ಟ್ರೇ.”

ಮಾಸ್ಟರು ಕೋಣೆಗೆ ಹೋಗಿ ಹೆಂಡತಿಯ ಕೈಯಲ್ಲಿ ಹನ್ನೊಂದು ಗುಂಡಿಯನ್ನೂ ಬಿಚ್ಚಿಸಿಕೊಂಡು, ಮಾಮೂಲು ಅಂಗಿ ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಹೇಗೆ ಕೂತರೋ, ನೋವು ಕೂಡ ಗೊತ್ತಾಗಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಗವಸನ್ನು ಮಡಿಸತೊಡಗಿದಳು. ಅಷ್ಟರಲ್ಲಿ ಒಂದು ಕೆಂಪಿರುವೆ ಮೆಟ್ಟಿಲ ಸಂದಿಯಿಂದ ಹೊರಟು, ಮಾಸ್ಟರ ಪಾದ ಹತ್ತಿ, ಹಿಮ್ಮಡಿಯ ಮೇಲೆ ಜಾಗ ಹುಡುಕಿ, ಬಲವಾಗಿ ಕಚ್ಚಿತು.

ಮಾಸ್ಟರು ಸಣ್ಣಗೆ ನಡುಗಿದ್ದನ್ನು ಆ ದಾರಿಯಲ್ಲಿ ಹೋಗುತ್ತಿದ್ದ ಅರ್ಧ ಡಾಕ್ಟರು ಕಂಡರು. ಅವರ ಕೈ ಆಗಲೇ ಫೋನಿಗೆ ಹೋಗಿತ್ತು. “ಏನಾಯ್ತು ಮಾಸ್ಟ್ರೇ, ಏನಾದ್ರೂ ಕಚ್ತಾ?”

ಮಾಸ್ಟರು ಇರುವೆಯನ್ನು ನೋಡಿದರು. ಅದು ಇನ್ನೂ ಬಿಟ್ಟಿರಲಿಲ್ಲ.

“ಏನಿಲ್ಲ ಬಿಡಿ” ಎಂದರು. “ಪಿನ್ನು.”